ಹಣ್ಣಿನ ನೊಣ: ಒಂದೇ ಥರದ ಸಿಗ್ನಲ್‌ಗಳಲ್ಲಿ ತನ್ನದು ಯಾವುದೆಂದು ಕೋಶಕ್ಕೆ ತಿಳಿಯುವುದು ಹೇಗೆ?

ಹೆಬ್ಬಾಳದ ವಿದ್ಯಾರ್ಥಿನಿ · ಬುಧವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎಂಎಸ್ಸಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಬರುವ ಮಂಗಳವಾರ ನನ್ನ ಸೆಮಿನಾರ್. ವಿಷಯ, ಹಣ್ಣಿನ ನೊಣದ ಬೆಳವಣಿಗೆಯಲ್ಲಿ ಎಫ್‌ಜಿಎಫ್ ಸಿಗ್ನಲ್. ಎರಡು ವಾರದಿಂದ ಓದುತ್ತಿದ್ದೇನೆ, ಸ್ಲೈಡುಗಳೂ ಮುಗಿದಿವೆ. ಆದರೆ ಮುಖ್ಯವಾದ ಒಂದು ಕಡೆ ನನಗೇ ಸಮಾಧಾನವಿಲ್ಲ.

ವಿಷಯ ಹೊಸದಾದವರಿಗೆ ಎರಡು ಮಾತು. ಎಫ್‌ಜಿಎಫ್ ಅಂದರೆ ಒಂದು ಕೋಶ ಹೊರಗೆ ಬಿಡುವ, ಇನ್ನೊಂದು ಕೋಶ ತನ್ನ ಮೈಮೇಲಿನ ರಿಸೆಪ್ಟರಿನಿಂದ ಹಿಡಿಯುವ ಪ್ರೋಟೀನ್. ಮನುಷ್ಯರಲ್ಲಿ ಇಂಥವು 22, ಅವುಗಳಿಗೆ ರಿಸೆಪ್ಟರ್ 4. ನೊಣದಲ್ಲಿ ಲೆಕ್ಕ ಸಣ್ಣದು: ಎಫ್‌ಜಿಎಫ್ 3, ರಿಸೆಪ್ಟರ್ 2. ಬ್ರಾಂಚ್‌ಲೆಸ್ ಎಂಬ ಎಫ್‌ಜಿಎಫ್ ಬ್ರೆತ್‌ಲೆಸ್ ಎಂಬ ರಿಸೆಪ್ಟರಿಗೆ ಕೂತರೆ ಶ್ವಾಸನಾಳ ಕವಲೊಡೆಯುತ್ತದೆ. ಪಿರಮಸ್, ಥಿಸ್ಬಿ ಎಂಬ ಇನ್ನೆರಡು ಹಾರ್ಟ್‌ಲೆಸ್ ಎಂಬ ರಿಸೆಪ್ಟರಿಗೆ ಕೂತರೆ ಭ್ರೂಣದ ಮೀಸೋಡರ್ಮ್ ಪದರ ಹರಡಿಕೊಂಡು, ಮುಂದೆ ಅದರಿಂದ ಹೃದಯ, ಸ್ನಾಯು ಆಗುತ್ತವೆ. 'ಲೆಸ್' ಎಂದು ಮುಗಿಯುವ ಈ ಹೆಸರುಗಳಲ್ಲಿ, ಜೀನ್ ಕೆಟ್ಟಾಗ ಏನು ಇಲ್ಲವಾಗುತ್ತದೋ ಅದೇ ಜೀನಿನ ಹೆಸರು. ಹಾರ್ಟ್‌ಲೆಸ್ ಕೆಟ್ಟ ಭ್ರೂಣಕ್ಕೆ ಹೃದಯವಿಲ್ಲ.

ಇಲ್ಲಿಯವರೆಗೆ ಬೀಗಕ್ಕೊಂದು ಕೀಲಿ, ಸರಿ. ನನ್ನ ತೊಡಕು ಬಾಗಿಲು ತೆರೆದ ಮೇಲಿನದು. ಎರಡೂ ರಿಸೆಪ್ಟರುಗಳು ಒಳಗೆ ಡಾಫ್ ಎಂಬ ಒಂದೇ ಪ್ರೋಟೀನನ್ನು ಬಳಸುತ್ತವೆ. ಅಲ್ಲಿಂದ ರಾಸ್, ರಾಫ್, ಮೆಕ್, ಇಆರ್‌ಕೆ ಎಂಬ ಪ್ರೋಟೀನುಗಳು ಸಿಗ್ನಲ್ಲನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಇಜಿಎಫ್ ಎಂಬ ಇನ್ನೊಂದು ಸಿಗ್ನಲ್ಲಿನ ರಿಸೆಪ್ಟರ್ ಬೇರೆ ಬಾಗಿಲು, ಆದರೆ ಅದೂ ಬಂದು ಸೇರುವುದು ಇದೇ ರಾಸ್‌ಗೆ. ಕಣ್ಣಿನಲ್ಲಿ ಏಳನೇ ಬೆಳಕುಗ್ರಾಹಿ ಕೋಶವನ್ನು ಮಾಡುವ ಸೆವೆನ್‌ಲೆಸ್ ಕೂಡ ಅಲ್ಲಿಗೇ. ಎಲ್ಲ ದಾರಿಗಳೂ ಒಂದೇ ಮೆಜೆಸ್ಟಿಕ್‌ಗೆ ಬಂದು ನಿಂತರೆ, ಇಳಿದವರು ಯಾವ ಊರಿನಿಂದ ಬಂದರು ಅಂತ ಗೊತ್ತಾಗುವುದು ಹೇಗೆ? ಪುಸ್ತಕದಲ್ಲಿ "ಸಂದರ್ಭಕ್ಕೆ ತಕ್ಕಂತೆ" ಅಂತ ಒಂದು ಸಾಲಿದೆ. ಆ ಸಂದರ್ಭ ಅನ್ನುವುದು ಕೋಶದೊಳಗೆ ಯಾವ ವಸ್ತು, ಎಲ್ಲಿದೆ?

ಚಾಮರಾಜಪೇಟೆ ಮೇಷ್ಟ್ರು · ಗುರುವಾರ, ಬೆಳಗ್ಗೆ 6:15

ಒಳ್ಳೆಯ ಪ್ರಶ್ನೆ ಕಣಮ್ಮ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಮೈಸೂರಿನ ಮಾನಸಗಂಗೋತ್ರಿಯ ನೊಣ ಸಂಗ್ರಹದಿಂದ ಬಾಟಲಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದು, ಗೋಧಿ ರವೆ, ಬೆಲ್ಲ, ಅಗರ್ ಕುದಿಸಿ ಅವಕ್ಕೆ ಊಟ ಮಾಡಿದವನು. ಇವತ್ತಿಗೂ ಬೆಲ್ಲದ ಪಾಕದ ವಾಸನೆ ಬಂದರೆ ಆ ಲ್ಯಾಬೇ ನೆನಪಾಗುತ್ತದೆ.

ನಾನು ಬೆಳೆದದ್ದು ಎಂಟು ಮನೆಗಳ ವಠಾರದಲ್ಲಿ. ಬೆಳಗ್ಗೆ ಎಂಟು ಗಂಟೆಗೆ ಎಂಟು ಕುಕ್ಕರ್ ಕೂಗುತ್ತಿದ್ದವು. ಕೂಗು ಎಲ್ಲದರದೂ ಒಂದೇ. ನಮ್ಮಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಾ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾ ಇದ್ದರೂ ತಮ್ಮ ಕುಕ್ಕರ್ ಕೂಗಿದಾಗ ಮಾತ್ರ ಎದ್ದು ಹೋಗುತ್ತಿದ್ದರು. ಒಂದನೆಯದು, ಸದ್ದು ಯಾವ ಗೋಡೆಯ ಕಡೆಯಿಂದ ಬಂತು ಅಂತ ಅವರಿಗೆ ಗೊತ್ತು. ಎರಡನೆಯದು, ಎಷ್ಟು ಕೂಗು ಅಂತ ಎಣಿಸುತ್ತಿದ್ದರು: ಅಕ್ಕಿಗೆ ಮೂರು, ಬೇಳೆಗೆ ಅದರ ಮೇಲೆ ಇನ್ನೆರಡು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ತಾವು ಏನು ಇಟ್ಟಿದ್ದೇವೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಕೂಗು ಹೇಳುವುದು "ಹಬೆ ತುಂಬಿತು" ಅಂತ ಅಷ್ಟೇ. ಅನ್ನವೋ ಬೇಳೆಯೋ ಅನ್ನುವುದು ಕೂಗಿನಲ್ಲಿ ಇಲ್ಲ, ಪಾತ್ರೆಯಲ್ಲಿ ಇದೆ.

ನಿನ್ನ ರಾಸ್, ಇಆರ್‌ಕೆ ಆ ಕೂಗು. ಬ್ರಾಂಚ್‌ಲೆಸ್ ಬಂದಾಗ ಶ್ವಾಸನಾಳದ ಕೋಶ ಕವಲೊಡೆಯುವುದು ಆ ಕೋಶ ಅಷ್ಟರಲ್ಲಾಗಲೇ ಶ್ವಾಸನಾಳದ ಕೋಶ ಆಗಿರುವುದರಿಂದ.

ನೊಣದ ಕೋಣೆ · ಗುರುವಾರ, ಮಧ್ಯಾಹ್ನ 1:20

ಮೇಷ್ಟ್ರ ಮಾತಿನ ಕೊನೆಯ ಸಾಲನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ನಾನು ಉತ್ತರ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ದಿನಾ ಈ ನೊಣಗಳ ಜೊತೆಗೇ ಇರುವವನು.

2001ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾರ್ಕಸ್ ಅಫೋಲ್ಟರ್ ಅವರ ತಂಡ ರಿಸೆಪ್ಟರುಗಳನ್ನು ಕತ್ತರಿಸಿ ಜೋಡಿಸಿತು. ಕೋಶದ ಹೊರಗಿರುವ, ಎಫ್‌ಜಿಎಫ್ ಹಿಡಿಯುವ ಭಾಗ ಬ್ರೆತ್‌ಲೆಸ್‌ನದೇ ಇರಲಿ. ಒಳಗಿನ ಭಾಗ ಮಾತ್ರ ಇಜಿಎಫ್ ರಿಸೆಪ್ಟರಿನದೋ, ಭ್ರೂಣದ ಎರಡು ತುದಿಗಳನ್ನು ಗುರುತಿಸುವ ಟೋರ್ಸೋದ್ದೋ ಇರಲಿ. ಹಾರ್ಟ್‌ಲೆಸ್‌ಗೂ ಹೀಗೇ ಮಾಡಿದರು. ಬ್ರೆತ್‌ಲೆಸ್ ಇಲ್ಲದ ಭ್ರೂಣಕ್ಕೆ ಈ ಜೋಡಣೆಯ ರಿಸೆಪ್ಟರ್ ಕೊಟ್ಟರು. ಶ್ವಾಸನಾಳದ ಕೋಶಗಳು ನಡೆದವು! ಮೀಸೋಡರ್ಮ್ ಕೋಶಗಳೂ ಸರಿದವು. ಡಾಫ್ ಇಲ್ಲದಿದ್ದರೂ ಆಯಿತು, ಏಕೆಂದರೆ ಟೋರ್ಸೋಗೂ ಇಜಿಎಫ್ ರಿಸೆಪ್ಟರಿಗೂ ರಾಸ್ ತಲುಪಲು ಡಾಫ್ ಬೇಕಿಲ್ಲ. ಅಂದರೆ ಒಳಗೆ ಹೋದದ್ದು "ಈಗ" ಎಂಬ ಸಾಮಾನ್ಯ ಸೂಚನೆ. "ನಡೆ" ಎಂಬ ಅರ್ಥವನ್ನು ಕೋಶವೇ ಹಚ್ಚಿಕೊಂಡಿತು, ಅದೂ ಬೆಳವಣಿಗೆಯ ಒಂದು ನಿರ್ದಿಷ್ಟ ಅವಧಿಯಲ್ಲಿ ಮಾತ್ರ. ನಾನು ಮೊದಲ ಸಲ ಓದಿದಾಗ ಪೇಪರನ್ನು ಕೆಳಗಿಟ್ಟು ಒಂದು ಸುತ್ತು ನಡೆದು ಬಂದೆ.

"ಆ ಸಂದರ್ಭ ಅನ್ನುವುದು ಎಲ್ಲಿದೆ" ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಡಿಎನ್‌ಎ ಮೇಲೆ, ಜೀನ್‌ಗಳ ಪಕ್ಕದ ಸ್ವಿಚ್‌ಗಳಲ್ಲಿ. ಇದಕ್ಕೆ ನನಗೆ ಅತ್ಯಂತ ಇಷ್ಟದ ಉದಾಹರಣೆ ಈವನ್‌ಸ್ಕಿಪ್ಡ್ ಎಂಬ ಜೀನ್. ಮೀಸೋಡರ್ಮಿನ ಬೆನ್ನಿನ ಕಡೆ ಕೆಲವೇ ಕೋಶಗಳಲ್ಲಿ ಅದು ಹೊತ್ತಿಕೊಳ್ಳುತ್ತದೆ. ಆ ಕೋಶಗಳೇ ಮುಂದೆ ಕೆಲವು ಹೃದಯದ ಕೋಶ, ಕೆಲವು ಸ್ನಾಯು ಆಗುವುದು. ಅದರ ಸ್ವಿಚ್ಚಿನ ಮೇಲೆ ಐದು ಬಗೆಯ ಪ್ರೋಟೀನುಗಳು ಒಟ್ಟಿಗೆ ಕೂರಬೇಕು ಎಂದು 2000ದಲ್ಲಿ ತೋರಿಸಿದರು. ರಾಸ್ ಸಿಗ್ನಲ್ ತಂದದ್ದು ಪಾಯಿಂಟೆಡ್; ಡಿಪಿಪಿ, ವಿಂಗ್‌ಲೆಸ್ ಎಂಬ ಇನ್ನೆರಡು ಸಿಗ್ನಲ್‌ಗಳಲ್ಲಿ ಡಿಪಿಪಿ ತಂದದ್ದು ಮ್ಯಾಡ್, ವಿಂಗ್‌ಲೆಸ್ ತಂದದ್ದು ಟಿಸಿಎಫ್. ಇವುಗಳ ಜೊತೆಗೆ ಟ್ವಿಸ್ಟ್, ಟಿನ್‌ಮನ್ ಎಂಬ ಎರಡು, "ನಾನು ಮೀಸೋಡರ್ಮ್" ಎಂಬ ಗುರುತಿನವು. ಚರ್ಮದ ಕೋಶಕ್ಕೆ ಅದೇ ರಾಸ್ ಸಿಗ್ನಲ್ ಬಂದರೂ ಅಲ್ಲಿ ಟಿನ್‌ಮನ್ ಇಲ್ಲ, ಸ್ವಿಚ್ ಬೀಳುವುದಿಲ್ಲ. ಮೇಷ್ಟ್ರ ಪಾತ್ರೆಯೊಳಗಿನ ಅಕ್ಕಿ ಇದೇ.

ಯಲಹಂಕ ಗೃಹಿಣಿ · ಗುರುವಾರ, ಸಂಜೆ 5:05

ನನ್ನ ಮಗಳು ಈ ಲಿಂಕ್ ಕಳಿಸಿದಳು. ಕುಕ್ಕರ್ ಮಾತು ಓದಿ ಪೂರ್ತಿ ಓದಿದೆ. ಬಾಳೆಹಣ್ಣಿನ ಸುತ್ತ ಹಾರಾಡುವ ಆ ಸಣ್ಣ ನೊಣವೇ ಅಲ್ಲವಾ ಇದು? ಅದಕ್ಕೂ ಶ್ವಾಸನಾಳ ಇದೆಯಾ? ಎಲ್ಲಿಗೆ ಕವಲು ಬೇಕು ಅಂತ ಅದಕ್ಕೆ ಯಾರು ಹೇಳುತ್ತಾರೆ?

ನೊಣದ ಕೋಣೆ · ಗುರುವಾರ, ಸಂಜೆ 7:30

ಅದೇ ನೊಣ ಮೇಡಂ. ನಮ್ಮ ಹಾಗೆ ರಕ್ತ ಆಮ್ಲಜನಕ ಹೊತ್ತು ತಿರುಗುವುದಿಲ್ಲ ಅದರಲ್ಲಿ. ಮೈಯ ಪಕ್ಕದ ರಂಧ್ರಗಳಿಂದ ಶುರುವಾಗಿ ಕೊಳವೆಗಳೇ ಕವಲೊಡೆಯುತ್ತಾ ಒಂದೊಂದು ಅಂಗದವರೆಗೂ ಗಾಳಿ ಒಯ್ಯುತ್ತವೆ. ಭ್ರೂಣದಲ್ಲಿ ಮೈಯ ಒಂದೊಂದು ಪಕ್ಕಕ್ಕೆ 10 ಚೀಲಗಳು, ಚೀಲಕ್ಕೆ ಸುಮಾರು 80 ಕೋಶ. ಆಮೇಲೆ ಒಂದು ಕೋಶವೂ ಒಡೆದು ಎರಡಾಗುವುದಿಲ್ಲ; ಇದ್ದ ಕೋಶಗಳೇ ಸರಿದು, ಚಾಚಿ, ಇಡೀ ಜಾಲವನ್ನು ಕಟ್ಟುತ್ತವೆ.

ಎಲ್ಲಿಗೆ ಕವಲು ಎಂದು ಹೇಳುವುದೇ ಬ್ರಾಂಚ್‌ಲೆಸ್. 1996ರಲ್ಲಿ ಮಾರ್ಕ್ ಕ್ರಾಸ್ನೋ ಅವರ ತಂಡ ಇದನ್ನು ಕಂಡುಕೊಂಡಿತು. ಚೀಲದ ಸುತ್ತ ಅಲ್ಲಲ್ಲಿ ಸಣ್ಣ ಗುಂಪು ಕೋಶಗಳು ಬ್ರಾಂಚ್‌ಲೆಸ್ ಬಿಡುತ್ತವೆ, ಎಲ್ಲಿ ಬಿಟ್ಟವೋ ಆ ಕಡೆಗೆ ಒಂದು ಕೊಂಬೆ ಹೊರಡುತ್ತದೆ. ಮರಿಹುಳು ಆದ ಮೇಲೆ ಇನ್ನೂ ಚಂದ: ಆಮ್ಲಜನಕ ಕಡಿಮೆಯಾದ ಅಂಗಾಂಶ ತಾನೇ ಬ್ರಾಂಚ್‌ಲೆಸ್ ಮಾಡಿ ಹತ್ತಿರದ ಕೊಳವೆಯಿಂದ ಸಣ್ಣ ಕವಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅತಿಯಾಗದಂತೆ ತಡೆಯಲು ಸ್ಪ್ರೌಟಿ ಎಂಬ ಪ್ರೋಟೀನ್ ಇದೆ. ಬ್ರಾಂಚ್‌ಲೆಸ್ ಸಿಗ್ನಲ್ಲೇ ಅದನ್ನು ಮಾಡಿಸುತ್ತದೆ. ಅದು ಕೆಟ್ಟರೆ ಬೇಡದ ಕೊಂಬೆಗಳು ಬೆಳೆಯುತ್ತವೆ.

ಟವರ್ ಎಂಜಿನಿಯರ್ · ಗುರುವಾರ, ರಾತ್ರಿ 9:10

ನಾನು ಟೆಲಿಕಾಂನವನು, ಜೀವಶಾಸ್ತ್ರ ಹತ್ತನೇ ಕ್ಲಾಸಿಗೆ ಮುಗಿಯಿತು. ಆದರೆ ನಿಮ್ಮ ವಿವರಣೆಯಲ್ಲಿ ಒಂದು ಕಡೆ ಕೊರತೆ ಕಾಣುತ್ತಿದೆ, ಹೇಳುತ್ತೇನೆ.

ಕೋಶ ಯಾವ ಜಾತಿಯದು ಎಂಬುದರ ಮೇಲೆ ಅರ್ಥ ನಿಂತಿದೆ ಅಂದಿರಿ, ಒಪ್ಪಿದೆ. ಆದರೆ ಒಂದೇ ಜಾತಿಯ ಕೋಶ, ಒಂದೇ ಸಮಯ, ಎರಡು ಬೇರೆ ಸಿಗ್ನಲ್ ಒಟ್ಟಿಗೆ ಬಂದರೆ? ಪಾತ್ರೆಯೊಳಗಿನ ಅಕ್ಕಿ ಒಂದೇ ಇರುವಾಗ? ನಮ್ಮಲ್ಲಿ ಒಂದೇ ಗಾಳಿಯಲ್ಲಿ ಎರಡು ಸಿಗ್ನಲ್ ಹರಡಿದರೆ ಒಂದರ ಮೇಲೊಂದು ಬೀಳುತ್ತವೆ. ಹಾಗಾಗದಿರಲು ಫ್ರೀಕ್ವೆನ್ಸಿ ಬೇರೆ ಮಾಡಬೇಕು, ಇಲ್ಲ ಸಮಯ ಹಂಚಬೇಕು, ಇಲ್ಲ ತಂತಿ ಎಳೆಯಬೇಕು. ನೊಣ ಏನು ಮಾಡುತ್ತದೆ?

ಹೆಬ್ಬಾಳದ ವಿದ್ಯಾರ್ಥಿನಿ · ಗುರುವಾರ, ರಾತ್ರಿ 9:25

ಸರ್, ಇದೇ! ನಾನು ಎರಡು ವಾರದಿಂದ ಹೇಳಲಾಗದೆ ಇದ್ದದ್ದು ಇದೇ. ಮೊದಲ ಉತ್ತರಗಳಿಂದ ಅರ್ಧ ಬಿಡಿಸಿತು, ಉಳಿದರ್ಧ ಇದು.

ನೊಣದ ಕೋಣೆ · ಗುರುವಾರ, ರಾತ್ರಿ 11:50

ತಂತಿ ಎಳೆಯುತ್ತದೆ.

ವಿವರವಾಗಿ ಬರೆಯುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. 1999ರಲ್ಲಿ ಥಾಮಸ್ ಕಾರ್ನ್‌ಬರ್ಗ್ ಮತ್ತು ಫೆಲಿಪೆ ರಮಿರೆಜ್-ವೆಬರ್ ಮರಿಹುಳುವಿನೊಳಗಿನ ರೆಕ್ಕೆಯ ಡಿಸ್ಕನ್ನು (ಮುಂದೆ ರೆಕ್ಕೆ ಆಗುವ ಕೋಶಗಳ ಮಡಿಕೆ ಅದು) ಜೀವಂತವಾಗಿ ನೋಡುವಾಗ ಕೋಶಗಳಿಂದ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳು ಚಾಚಿರುವುದನ್ನು ಕಂಡರು. ಸೈಟೋನೀಮ್ ಎಂದು ಹೆಸರಿಟ್ಟರು. ಅದುವರೆಗೆ ಕಾಣದೆ ಹೋಗಿದ್ದಕ್ಕೆ ಕಾರಣವಿದೆ: ನಾವು ಸಾಮಾನ್ಯವಾಗಿ ಅಂಗಾಂಶವನ್ನು ರಾಸಾಯನಿಕದಲ್ಲಿ ಅದ್ದಿ ಗಟ್ಟಿ ಮಾಡಿ ನೋಡುತ್ತೇವೆ, ಆ ಹೊತ್ತಿಗೆ ಎಳೆಗಳು ಉಳಿಯುವುದಿಲ್ಲ.

ಈಗ ರೆಕ್ಕೆಯ ಡಿಸ್ಕಿಗೆ ಅಂಟಿಕೊಂಡೇ ಒಂದು ಶ್ವಾಸನಾಳ ಹಾದು ಹೋಗುತ್ತದೆ. ಮರಿಹುಳುವಿನ ಕೊನೆಯ ಹಂತದಲ್ಲಿ ಅದರಿಂದ ಒಂದು ಮೊಗ್ಗು ಹೊರಡುತ್ತದೆ, ಮುಂದೆ ಅದು ದೊಡ್ಡ ನೊಣದ ಗಾಳಿಚೀಲ. ಈ ಮೊಗ್ಗಿಗೆ ಡಿಸ್ಕಿನಿಂದ ಎರಡು ಪ್ರೋಟೀನ್ ಬೇಕು. ಒಂದು ಬ್ರಾಂಚ್‌ಲೆಸ್, ಇನ್ನೊಂದು ಡಿಪಿಪಿ. ಡಿಸ್ಕಿನಲ್ಲಿ ಎರಡನ್ನೂ ಮಾಡುವ ಕೋಶಗಳ ಗುಂಪು ಬೇರೆ ಬೇರೆ ಜಾಗದಲ್ಲಿವೆ. 2011ರಲ್ಲಿ ಸೌಗತ ರಾಯ್, ಕಾರ್ನ್‌ಬರ್ಗ್ ಮತ್ತು ಜೊತೆಗಾರರು ಮೊಗ್ಗಿನ ಎಳೆಗಳಲ್ಲಿ ಯಾವ ರಿಸೆಪ್ಟರ್ ಇದೆ ಎಂದು ಬಣ್ಣ ಹಚ್ಚಿ ನೋಡಿದರು. ಕೆಲವು ಎಳೆಗಳಲ್ಲಿ ಬ್ರೆತ್‌ಲೆಸ್ ಮಾತ್ರ. ಕೆಲವದರಲ್ಲಿ ಡಿಪಿಪಿ ಹಿಡಿಯುವ ಥಿಕ್‌ವೇನ್ಸ್ ಮಾತ್ರ. ಎರಡೂ ರಿಸೆಪ್ಟರ್ ಮಾಡುವ ಕೋಶವೂ ಅವನ್ನು ಬೇರೆ ಬೇರೆ ಎಳೆಗಳಿಗೆ ಹಂಚಿತ್ತು. ಬ್ರಾಂಚ್‌ಲೆಸ್ ಇರುವ ಜಾಗ ಬದಲಿಸಿದರೆ ಬ್ರೆತ್‌ಲೆಸ್ ಎಳೆಗಳು ಬದಲಾದವು, ಥಿಕ್‌ವೇನ್ಸ್ ಎಳೆಗಳಿಗೆ ಅದರ ಗೊಡವೆಯಿಲ್ಲ. ಕಣ್ಣಿನ ಡಿಸ್ಕಿನಲ್ಲಿ ಇಜಿಎಫ್ ರಿಸೆಪ್ಟರಿನ ಎಳೆಗಳು ಸ್ಪಿಟ್ಜ್ ಎಂಬ ತಮ್ಮ ಪ್ರೋಟೀನಿಗೆ ಮಾತ್ರ ಸ್ಪಂದಿಸಿದವು.

2014ರಲ್ಲಿ ಅದೇ ಗುಂಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಎಳೆಯ ತುದಿ ಡಿಪಿಪಿ ಮಾಡುವ ಕೋಶವನ್ನು ನಿಜವಾಗಿಯೂ ಮುಟ್ಟುತ್ತದೆ, ಮುಟ್ಟಿದ ಜಾಗದಲ್ಲೇ ಪ್ರೋಟೀನ್ ಕೈ ಬದಲಾಗುತ್ತದೆ. ನ್ಯೂರೋಗ್ಲಿಯಾನ್, ಕ್ಯಾಪ್ರಿಶಸ್ ಎಂಬ ಅಂಟಿಸುವ ಪ್ರೋಟೀನುಗಳನ್ನು ತೆಗೆದರೆ ಮುಟ್ಟುವುದೂ ನಿಲ್ಲುತ್ತದೆ, ಸಿಗ್ನಲ್ಲೂ ನಿಲ್ಲುತ್ತದೆ. ನರಕೋಶಗಳು ಮಾತಾಡುವ ರೀತಿಗೆ ಎಷ್ಟು ಹತ್ತಿರ ನೋಡಿ.

ಮೇಷ್ಟ್ರೇ, ಕ್ಷಮಿಸಿ, ಇಲ್ಲಿ ಕುಕ್ಕರ್ ಕೂಗಿನ ಹೋಲಿಕೆ ಸಾಲುವುದಿಲ್ಲ. ಕೂಗು ಗಾಳಿಯಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ.

ಚಾಮರಾಜಪೇಟೆ ಮೇಷ್ಟ್ರು · ಶುಕ್ರವಾರ, ಬೆಳಗ್ಗೆ 6:05

ಕ್ಷಮಿಸುವುದೇನು, ಸಂತೋಷವಾಯಿತು. ಹಾಗಾದರೆ ವಠಾರದಲ್ಲಿ ಕೂಗಿನ ಜೊತೆಗೆ ಇನ್ನೊಂದು ನಡೆಯುತ್ತಿತ್ತು, ಅದನ್ನು ಹೇಳುತ್ತೇನೆ. ಹುಳಿ ಚೆನ್ನಾಗಿ ಬಂದ ದಿನ ಪಕ್ಕದ ಮನೆಯವರು ಗೋಡೆಯ ಮೇಲಿಂದ ಬಟ್ಟಲು ಚಾಚುತ್ತಿದ್ದರು, ನಮ್ಮಮ್ಮ ಈ ಕಡೆಯಿಂದ ಕೈ ಎತ್ತಿ ಇಸಿದುಕೊಳ್ಳುತ್ತಿದ್ದರು. ಈ ಗೋಡೆಯಿಂದ ಹುಳಿ, ಆ ಗೋಡೆಯಿಂದ ಮಜ್ಜಿಗೆ. ಬಟ್ಟಲಲ್ಲಿ ಏನಿದೆ ಅಂತ ನೋಡುವ ಮುಂಚೆಯೇ ಯಾವ ಗೋಡೆ ಅನ್ನುವುದರಿಂದ ಗೊತ್ತಾಗುತ್ತಿತ್ತು. ನಿಮ್ಮ ಎಳೆಗಳು ಆ ಕೈಗಳು.

ಆದರೆ ನನ್ನದೊಂದು ಪ್ರಶ್ನೆ. ಬಟ್ಟಲು ಬೇರೆ ಬೇರೆ ಗೋಡೆಯಿಂದ ಬಂದರೂ ಹೊಟ್ಟೆ ಒಂದೇ. ಎಳೆ ಬೇರೆಯಾದ ಮಾತ್ರಕ್ಕೆ ಒಳಗೆ ಅರ್ಥ ಬೇರೆಯಾಗಿಯೇ ಉಳಿಯುತ್ತದೆಯೇ?

ನೊಣದ ಕೋಣೆ · ಶುಕ್ರವಾರ, ಬೆಳಗ್ಗೆ 9:40

ಡಿಪಿಪಿಗೂ ಬ್ರಾಂಚ್‌ಲೆಸ್‌ಗೂ ಉಳಿಯುತ್ತದೆ, ಏಕೆಂದರೆ ಒಳಗಿನ ದಾರಿಯೂ ಬೇರೆ: ಡಿಪಿಪಿಯದು ಮ್ಯಾಡ್, ಬ್ರಾಂಚ್‌ಲೆಸ್‌ನದು ಇಆರ್‌ಕೆ. ಒಳದಾರಿ ಒಂದೇ ಇರುವ ಎರಡು ಸಿಗ್ನಲ್ ಒಂದೇ ಕೋಶಕ್ಕೆ ಬಂದಾಗ ಎಳೆಯೊಂದೇ ಸಾಕಾಗದು. ಆಗ ನೀವು ಮೊದಲೇ ಹೇಳಿದ ಎಣಿಕೆ ಬರುತ್ತದೆ, ಎಷ್ಟು ಕೂಗು ಎಂಬುದು. ಇದರ ಹೆಸರಾಂತ ಉದಾಹರಣೆ ನೊಣದ್ದಲ್ಲ, ಇಲಿಯ ಪಿಸಿ12 ಎಂಬ ಕೋಶಗಳದು. ಇಜಿಎಫ್ ಕೊಟ್ಟರೆ ಇಆರ್‌ಕೆ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ, ಕೋಶ ಒಡೆದು ಎರಡಾಗುತ್ತದೆ. ಎನ್‌ಜಿಎಫ್ ಎಂಬ ಇನ್ನೊಂದು ಸಿಗ್ನಲ್ ಪ್ರೋಟೀನ್ ಕೊಟ್ಟರೆ ಅದೇ ಇಆರ್‌ಕೆ ಗಂಟೆಗಟ್ಟಲೆ ಏರಿಯೇ ಇರುತ್ತದೆ, ಕೋಶ ಒಡೆಯುವುದು ಬಿಟ್ಟು ನರಕೋಶದ ಹಾಗೆ ಬಾಲ ಚಾಚುತ್ತದೆ. ದಾರಿ ಒಂದೇ, ಹೊತ್ತು ಬೇರೆ.

ಜಯನಗರದ ಮಕ್ಕಳ ಡಾಕ್ಟರ್ · ಶುಕ್ರವಾರ, ಮಧ್ಯಾಹ್ನ 3:15

ಓಪಿಡಿ ಮುಗಿಸಿ ಓದಿದೆ. ಈ ವಿಷಯ ನನಗೆ ಪುಸ್ತಕದ್ದಲ್ಲ. ಎಕಾಂಡ್ರೋಪ್ಲೇಸಿಯಾ ಇರುವ ಮಕ್ಕಳು, ಅಂದರೆ ಕೈಕಾಲು ಮಾತ್ರ ಗಿಡ್ಡವಾಗಿ ಬೆಳೆಯುವ ಮಕ್ಕಳು, ನನ್ನ ಬಳಿ ಬರುತ್ತಾರೆ. ಕಾರಣ ಎಫ್‌ಜಿಎಫ್‌ಆರ್3 ಎಂಬ ರಿಸೆಪ್ಟರಿನಲ್ಲಿ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆ. ಬಹುಪಾಲು ಮಕ್ಕಳಲ್ಲಿ 380ನೇ ಜಾಗದ ಗ್ಲೈಸಿನ್ ಹೋಗಿ ಅರ್ಜಿನಿನ್ ಬಂದಿರುತ್ತದೆ. ಅದರಿಂದ ರಿಸೆಪ್ಟರ್ ಅತಿಯಾಗಿ ಕೆಲಸ ಮಾಡುತ್ತದೆ.

"ಬೆಳವಣಿಗೆಯ ರಿಸೆಪ್ಟರ್ ಹೆಚ್ಚು ಕೆಲಸ ಮಾಡಿದರೆ ಮಗು ಉದ್ದ ಆಗಬೇಕಲ್ಲವಾ ಡಾಕ್ಟರೇ" ಅಂತ ಒಬ್ಬ ತಂದೆ ನನ್ನನ್ನು ಕೇಳಿದ್ದರು. ಮೂಳೆಯ ತುದಿಯ ಮೃದ್ವಸ್ಥಿಯಲ್ಲಿ ಈ ಸಿಗ್ನಲ್ಲಿನ ಅರ್ಥ "ಬೆಳೆ" ಅಲ್ಲ, "ಸಾಕು". ಮೂತ್ರಕೋಶದ ಒಳಪದರದಲ್ಲಿ ಇದೇ ರಿಸೆಪ್ಟರ್ ಹೀಗೇ ಅತಿಯಾಗಿ ಕೆಲಸ ಮಾಡಿದರೆ ಕೋಶಗಳು ಹೆಚ್ಚುತ್ತವೆ, ಅಲ್ಲಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಈ ರಿಸೆಪ್ಟರನ್ನು ಅತಿಯಾಗಿಸುವ ಇಂಥ ಬದಲಾವಣೆಗಳು ಆಗಾಗ ಸಿಗುತ್ತವೆ. ರಿಸೆಪ್ಟರ್ ಒಂದೇ, ಒಂದು ಕಡೆ ನಿಲ್ಲು, ಇನ್ನೊಂದು ಕಡೆ ಬೆಳೆ. ಆ ತಂದೆಗೆ ಅವತ್ತು ನಾನು ಇಷ್ಟು ಸರಳವಾಗಿ ಹೇಳಿರಲಿಲ್ಲ. ಅವರು ಮುಂದಿನ ತಿಂಗಳು ಬರುತ್ತಾರೆ, ಆಗ ಪಾತ್ರೆಯ ಮಾತು ಹೇಳುತ್ತೇನೆ.

ಹೆಬ್ಬಾಳದ ವಿದ್ಯಾರ್ಥಿನಿ · ಶುಕ್ರವಾರ, ರಾತ್ರಿ 8:50

ಡಾಕ್ಟರೇ, ಈ ಉದಾಹರಣೆಯಿಂದಲೇ ಸೆಮಿನಾರ್ ಶುರು ಮಾಡುತ್ತೇನೆ, ಅನುಮತಿ ಕೊಡಿ.

ಇನ್ನೊಂದು ಉಳಿದಿದೆ. ಪಿರಮಸ್, ಥಿಸ್ಬಿ ಎರಡೂ ಹಾರ್ಟ್‌ಲೆಸ್ ಒಂದಕ್ಕೇ ಕೂರುತ್ತವೆ. ಹಳೆಯ ರೋಮನ್ ಕಥೆಯ ಪ್ರೇಮಿಗಳ ಹೆಸರು ಅವು, ಮಧ್ಯದ ಗೋಡೆಯ ಬಿರುಕಿನಿಂದ ಪಿಸುಮಾತಾಡುತ್ತಿದ್ದವರು. ಮೇಷ್ಟ್ರ ವಠಾರದ ಗೋಡೆ ಓದುವಾಗ ಅದೇ ನೆನಪಾಯಿತು. ಕೀಲಿ ಎರಡು, ಬೀಗ ಒಂದು. ಎರಡು ಯಾಕೆ ಬೇಕು?

ನೊಣದ ಕೋಣೆ · ಶುಕ್ರವಾರ, ರಾತ್ರಿ 11:15

ಭ್ರೂಣದಲ್ಲಿ ಒಂದರ ಕೆಲಸವನ್ನು ಇನ್ನೊಂದು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಎರಡನ್ನೂ ತೆಗೆದಾಗ ಕಾಣುವುದು ಹಾರ್ಟ್‌ಲೆಸ್ ಕೆಟ್ಟಾಗಿನ ಚಿತ್ರ. ಆದರೆ ಅವಳಿಗಳಲ್ಲ. ಎರಡನ್ನೂ ಮಾಡುವ ಜಾಗ ಒಂದೇ ಅಲ್ಲ. ಪಿರಮಸ್‌ಗೆ ಕೋಶದ ಪೊರೆಯಲ್ಲಿ ನಾಟಿಕೊಳ್ಳುವ ಭಾಗ ಇದೆ ಎಂದು ಏಂಜೆಲಿಕ್ ಸ್ಟಾಥೊಪೌಲಸ್ ಅವರ ತಂಡ 2020ರಲ್ಲಿ ತೋರಿಸಿತು. ಬ್ರಾಂಚ್‌ಲೆಸ್ ಕೂಡ ಕೊಬ್ಬಿನ ಕೊಂಡಿಯೊಂದರಿಂದ ಪೊರೆಗೆ ತಗುಲಿಕೊಂಡಿರುತ್ತದೆ ಎಂಬುದು 2022ರಲ್ಲಿ ಬಂತು. ಕೊಂಡಿ ಇದ್ದರೆ ಪ್ರೋಟೀನ್ ತಾನಾಗಿ ತೇಲಿ ಹೋಗಲಾರದು, ಯಾರಾದರೂ ಬಂದು ಮುಟ್ಟಿ ಒಯ್ಯಬೇಕು. ತೇಲಿ ಹರಡುವ ಸಿಗ್ನಲ್‌ಗಳೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಈ ಕ್ಷೇತ್ರದಲ್ಲಿ ಆ ವಾದ ಇನ್ನೂ ನಡೆದಿದೆ. ಬ್ರಾಂಚ್‌ಲೆಸ್ ವಿಷಯದಲ್ಲಿ ನಾನು ಮುಟ್ಟುವ ಪಕ್ಷದವನು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಕೆಲಸವೂ 2022ರದೇ, ಅದೇ ಎಳೆಗಳ ಮೇಲೆ ಮುಂದೆ ಕೆಲಸ ಮಾಡಿದ ಸೌಗತ ರಾಯ್ ಅವರ ತಂಡದ್ದು. ನೊಣದ ಹಾರುವ ಸ್ನಾಯುಗಳಾಗುವ ಕೋಶಗಳು ಮರಿಹುಳುವಿನಲ್ಲಿ ರೆಕ್ಕೆಯ ಡಿಸ್ಕಿನ ಮೇಲೇ ಕೂತಿರುತ್ತವೆ. ಈ ಸ್ನಾಯು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದರ ಮೇಲೆ ನಮ್ಮ ಊರಿನಲ್ಲೇ, ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಕೆ. ವಿಜಯರಾಘವನ್ ಅವರ ಗುಂಪು ಬಹುಕಾಲ ಕೆಲಸ ಮಾಡಿದೆ. ಆ ಕೋಶಗಳು ಹಾರ್ಟ್‌ಲೆಸ್ ಇರುವ ಎಳೆಗಳನ್ನು ಡಿಸ್ಕಿನ ಕೋಶಗಳ ನಡುವೆ ಇಳಿಸಿ, ಹಿಡಿದುಕೊಂಡು, ಅಲ್ಲಿಂದ ಎಫ್‌ಜಿಎಫ್ ಪಡೆಯುತ್ತವೆ. ಡಿಸ್ಕಿನಲ್ಲಿ ಪಿರಮಸ್ ಮಾಡುವ ವಲಯ ಬೇರೆ, ಥಿಸ್ಬಿ ಮಾಡುವ ವಲಯ ಬೇರೆ. ಯಾವ ವಲಯವನ್ನು ಹಿಡಿದಿದೆ ಎಂಬುದರ ಮೇಲೆ ಸ್ನಾಯುಕೋಶಗಳ ಗುಂಪುಗಳೂ ಬೇರೆಯಾಗುತ್ತವೆ. ರಿಸೆಪ್ಟರ್ ಒಂದೇ ಆದರೂ ವಿಳಾಸ ಎರಡು.

ಟವರ್ ಎಂಜಿನಿಯರ್ · ಶನಿವಾರ, ಬೆಳಗ್ಗೆ 7:45

ಹಿಡಿದುಕೊಂಡದ್ದರಿಂದ ಸಿಗ್ನಲ್ ಬರುತ್ತದೋ, ಸಿಗ್ನಲ್ ಬಂದದ್ದರಿಂದ ಹಿಡಿದುಕೊಳ್ಳುತ್ತದೋ?

ನೊಣದ ಕೋಣೆ · ಶನಿವಾರ, ಬೆಳಗ್ಗೆ 8:10

ಎರಡೂ. ಹಿಡಿತ ತಪ್ಪಿದ ಕೋಶಕ್ಕೆ ಎಫ್‌ಜಿಎಫ್ ಸಿಗುವುದಿಲ್ಲ, ಎಫ್‌ಜಿಎಫ್ ಸಿಗದ ಕೋಶದ ಹಿಡಿತ ಸಡಿಲವಾಗುತ್ತದೆ. ಹಾಗೆ ಡಿಸ್ಕಿನಿಂದ ದೂರ ಸರಿದದ್ದು ಕಾಯುವುದನ್ನು ಬಿಟ್ಟು ಸ್ನಾಯುವಾಗುವ ಕಡೆಗೆ ಹೊರಡುತ್ತದೆ. ಮೇಷ್ಟ್ರು ಹೇಳಿದ ಪಾತ್ರೆಯೊಳಗಿನದೂ ಕೋಶದ ಕೈಯೂ ಇಲ್ಲಿ ಒಂದನ್ನೊಂದು ತಿದ್ದುತ್ತಿವೆ. ಎರಡನ್ನೂ ಒಂದೇ ಸ್ಲೈಡಿನಲ್ಲಿ ಬಿಡಿಸಿ, ಬೇರೆ ಬೇರೆ ಕಾರಣಗಳೆಂದು ಪಟ್ಟಿ ಮಾಡಬೇಡಿ.

ಹೆಬ್ಬಾಳದ ವಿದ್ಯಾರ್ಥಿನಿ · ಶನಿವಾರ, ಬೆಳಗ್ಗೆ 8:30

ಸ್ಲೈಡುಗಳನ್ನು ತೆಗೆದುಹಾಕಿ ಹೊಸದಾಗಿ ಬಿಡಿಸುತ್ತಿದ್ದೇನೆ. ಡಿಸ್ಕನ್ನು ನಾನು ಇನ್ನೂ ಕಣ್ಣಾರೆ ನೋಡಿಲ್ಲ. ಸೋಮವಾರ ನಮ್ಮ ಡಿಪಾರ್ಟ್‌ಮೆಂಟಿನ ಮೈಕ್ರೋಸ್ಕೋಪ್ ಸಿಗುತ್ತದೆ. ಎಳೆಗಳು ಅದರಲ್ಲಿ ಕಾಣುವುದಿಲ್ಲ, ಗೊತ್ತು. ಡಿಸ್ಕ್, ಅದರ ಮೇಲೆ ಹಾದು ಹೋಗುವ ಶ್ವಾಸನಾಳ, ಮೊಗ್ಗು ಇಷ್ಟು ಕಂಡರೆ ಸಾಕು. ಯಾವ ಹುಳು ಆರಿಸಲಿ?

ಚಾಮರಾಜಪೇಟೆ ಮೇಷ್ಟ್ರು · ಶನಿವಾರ, ಬೆಳಗ್ಗೆ 8:45

ಆಹಾರದಲ್ಲಿ ಮುಳುಗಿರುವುದನ್ನು ಬಿಡಮ್ಮ. ತಿನ್ನುವುದು ಮುಗಿಸಿ ಬಾಟಲಿಯ ಗೋಡೆ ಹತ್ತುತ್ತಿರುವ ದಪ್ಪ ಹುಳುವನ್ನು ಒದ್ದೆ ಬ್ರಷ್ಷಿನಿಂದ ತೆಗೆದುಕೋ. ಸಲೈನಿನ ಹನಿಯಲ್ಲಿ ಇಟ್ಟು, ಬಾಯಿಯ ಕಪ್ಪು ಕೊಕ್ಕೆಯನ್ನು ಒಂದು ಚಿಮಟದಲ್ಲಿ, ಮೈಯನ್ನು ಇನ್ನೊಂದರಲ್ಲಿ ಹಿಡಿದು ನಿಧಾನ ಎಳೆ. ಬೆಳ್ಳಿಯ ತಂತಿಯ ಹಾಗೆ ಹೊಳೆಯುವುದು ಶ್ವಾಸನಾಳ. ಅದನ್ನೇ ಹಿಡಿದು ಹೋದರೆ ಡಿಸ್ಕ್ ಸಿಗುತ್ತದೆ.